ಸ್ಟೀಮ್ ಫೆಸ್ಟ್‌ನಲ್ಲಿ ನಿಮ್ಮ ಗೇಮ್ ಜನರ ಕಣ್ಣಿಗೆ ಬೀಳಬೇಕಾದರೆ

ಗೇಮ್ ಮಾಡುವುದು ಒಂದು ಕಷ್ಟ. ಆ ಗೇಮ್ ಇದೆ ಅಂತ ಊರಾಚೆಯ ಜನಕ್ಕೆ ಗೊತ್ತು ಮಾಡುವುದು ಅದಕ್ಕಿಂತ ದೊಡ್ಡ ಕಷ್ಟ. 2024ರ ಒಂದೇ ವರ್ಷದಲ್ಲಿ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ 18 ಸಾವಿರಕ್ಕೂ ಜಾಸ್ತಿ ಗೇಮ್‌ಗಳು ಬಂದವು, ಅಂದರೆ ದಿನಕ್ಕೆ ಸುಮಾರು ಐವತ್ತು. ಆ ರಾಶಿಯಲ್ಲಿ ಗಂಗಾವತಿಯಲ್ಲೋ ಸಿಂಧನೂರಲ್ಲೋ ಕೂತು ಇಬ್ಬರು ಮಾಡಿದ ಗೇಮ್ ಯಾರಿಗೆ ಕಾಣಬೇಕು? ಪಬ್ಲಿಷರ್ ಇಲ್ಲ. ಜಾಹೀರಾತಿಗೆ ದುಡ್ಡಿಲ್ಲ. ಅಮೆರಿಕದ ಎಕ್ಸ್‌ಪೋದಲ್ಲಿ ಸ್ಟಾಲ್ ಹಾಕುವ ಮಾತಂತೂ ಬಿಡಿ, ವಿಮಾನದ ಟಿಕೆಟ್ ದುಡ್ಡಿನಲ್ಲೇ ಒಂದು ಒಳ್ಳೆ ಲ್ಯಾಪ್‌ಟಾಪ್ ಬರುತ್ತದೆ.

ಇಂಥವರಿಗೆ ಪುಕ್ಕಟೆ ಸಿಗುವ ದೊಡ್ಡ ಅವಕಾಶ ಅಂದರೆ ಸ್ಟೀಮ್ ನಡೆಸುವ ಥೀಮ್ ಫೆಸ್ಟ್‌ಗಳು. ಒಂದು ವಾರ, ಒಂದು ವಿಷಯ. ಆ ವಾರ ಸ್ಟೀಮ್‌ನ ಮುಖಪುಟದಿಂದಲೇ ಫೆಸ್ಟ್ ಪುಟಕ್ಕೆ ದಾರಿ ಇರುತ್ತದೆ. ಸೇರಲು ಫೀ ಇಲ್ಲ. ಜಾತ್ರೆಯ ಬಳೆ ಸಾಲು ನೋಡಿದ್ದೀರಲ್ಲ, ಅದೇ ಲೆಕ್ಕ: ಅಲ್ಲಿಗೆ ಬರುವವರು ಬಳೆ ಕೊಳ್ಳಲೆಂದೇ ಬಂದಿರುತ್ತಾರೆ, ಆದರೆ ಅಕ್ಕಪಕ್ಕ ಇನ್ನೂ ಐವತ್ತು ಅಂಗಡಿ ಇರುತ್ತವೆ. ಫೆಸ್ಟ್‌ಗೆ ಸೇರುವುದು ಒಂದು ಬಟನ್ ಒತ್ತುವಷ್ಟೇ ಕೆಲಸ. ಅದರಿಂದ ಏನಾದರೂ ಗಿಟ್ಟಬೇಕಾದರೆ ಮೂರು ನಾಲ್ಕು ತಿಂಗಳು ಮೊದಲೇ ಶುರು ಮಾಡಬೇಕು. ಆ ಮೂರು ನಾಲ್ಕು ತಿಂಗಳಲ್ಲಿ ಏನೇನು ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಫೆಸ್ಟ್ ಯಾವುದು

ಎಲ್ಲವನ್ನೂ ಫೆಸ್ಟ್ ಅಂತಲೇ ಕರೆಯುವುದರಿಂದ ಹೊಸಬರಿಗೆ ಗೊಂದಲ ಆಗುತ್ತದೆ.

ನೆಕ್ಸ್ಟ್ ಫೆಸ್ಟ್ ಅನ್ನುವುದು ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಫೆಬ್ರವರಿ, ಜೂನ್, ಅಕ್ಟೋಬರ್. ಇದಕ್ಕೆ ಥೀಮ್ ಇಲ್ಲ. ಇನ್ನೂ ಬಿಡುಗಡೆಯಾಗದ ಗೇಮ್‌ಗಳಿಗೆ ಮಾತ್ರ, ಡೆಮೊ (ಪುಕ್ಕಟೆ ಆಡಿ ನೋಡಲು ಕೊಡುವ ತುಣುಕು) ಇರಲೇಬೇಕು, ಮತ್ತು ಒಂದು ಗೇಮ್‌ಗೆ ಒಂದೇ ಸಲ ಅವಕಾಶ. ಈ ಕೊನೆಯದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಈಗೀಗ ಒಂದೊಂದು ನೆಕ್ಸ್ಟ್ ಫೆಸ್ಟ್‌ಗೆ 2 ಸಾವಿರಕ್ಕೂ ಜಾಸ್ತಿ ಡೆಮೊಗಳು ಬರುತ್ತಿವೆ.

ಥೀಮ್ ಫೆಸ್ಟ್‌ಗಳು ಬೇರೆ. 2023ರಲ್ಲಿ ಪಜಲ್ ಫೆಸ್ಟ್, ಸ್ಪೋರ್ಟ್ಸ್ ಫೆಸ್ಟ್, ಸ್ಟೆಲ್ತ್ ಫೆಸ್ಟ್ ನಡೆದವು. 2024ರಲ್ಲಿ ಕ್ಯಾಪಿಟಲಿಸಂ ಆಂಡ್ ಎಕಾನಮಿ, ಡೆಕ್‌ಬಿಲ್ಡರ್ಸ್, ಫಾರ್ಮಿಂಗ್ ನಡೆದವು. ಅಕ್ಟೋಬರ್ ಕೊನೆಗೆ ದೆವ್ವ ಭೂತದ ಗೇಮ್‌ಗಳಿಗೆ ಸ್ಕ್ರೀಮ್ ಫೆಸ್ಟ್ ಇರುತ್ತದೆ. ವರ್ಷದಿಂದ ವರ್ಷಕ್ಕೆ ಪಟ್ಟಿ ಬದಲಾಗುತ್ತದೆ. ಬಿಡುಗಡೆಯಾದ ಗೇಮ್ ರಿಯಾಯಿತಿ ಕೊಟ್ಟು ಸೇರಬಹುದು, ಇನ್ನೂ ಬರಬೇಕಾದ ಗೇಮ್ ತನ್ನ ಪುಟ ಮತ್ತು ಡೆಮೊ ಇಟ್ಟುಕೊಂಡು ಸೇರಬಹುದು. ಹೊಂದಿಕೆಯಾದರೆ ಒಂದೇ ಗೇಮ್ ಎರಡು ಮೂರು ಫೆಸ್ಟ್‌ಗೂ ಹೋಗಬಹುದು.

ಇವುಗಳ ಜೊತೆಗೆ ವರ್ಷಕ್ಕೆ ನಾಲ್ಕು ಸೀಸನ್ ಸೇಲ್‌ಗಳಿವೆ. ಅಲ್ಲಿ ದೊಡ್ಡ ಕಂಪನಿಗಳ ದೊಡ್ಡ ರಿಯಾಯಿತಿಗಳದ್ದೇ ದರ್ಬಾರು. ಬಿಡುಗಡೆಯಾದ ಗೇಮ್ ಇದ್ದರೆ ಸೇರಿಕೊಳ್ಳಿ, ಆಸೆ ಜಾಸ್ತಿ ಬೇಡ. ಹೊರಗಿನವರು ಸ್ಟೀಮ್ ಮೇಲೆಯೇ ನಡೆಸುವ ಫೆಸ್ಟ್‌ಗಳೂ ಇವೆ, ಅವುಗಳಿಗೆ ಆಮೇಲೆ ಬರುತ್ತೇನೆ.

ಮೊದಲ ಗೇಮ್ ಮಾಡುವವರಿಗೆ ನಾನು ಹೇಳುವ ಕ್ರಮ ಹೀಗೆ. ಮೊದಲು ನಿಮಗೆ ಹೊಂದುವ ಒಂದು ಥೀಮ್ ಫೆಸ್ಟ್‌ಗೆ ಡೆಮೊ ಸಮೇತ ಹೋಗಿ, ಅಲ್ಲಿ ಜನ ಎಲ್ಲಿ ಎಡವುತ್ತಾರೆ ನೋಡಿ, ಅದನ್ನು ಸರಿಮಾಡಿಕೊಂಡು, ಬಿಡುಗಡೆಗೆ ತೀರಾ ಹತ್ತಿರದ ನೆಕ್ಸ್ಟ್ ಫೆಸ್ಟ್‌ಗೆ ಹೋಗಿ. ಯಾಕಂದ್ರೆ ನೆಕ್ಸ್ಟ್ ಫೆಸ್ಟ್ ಪುಟದಲ್ಲಿ ಹೆಚ್ಚು ವಿಶ್‌ಲಿಸ್ಟ್ ಆದವು (ಆಮೇಲೆ ಕೊಳ್ಳೋಣ ಅಂತ ಜನ ಗುರುತು ಹಾಕಿಟ್ಟವು), ಹೆಚ್ಚು ಜನ ಆಡುತ್ತಿರುವ ಡೆಮೊಗಳು ಅಂತ ಪಟ್ಟಿಗಳಿರುತ್ತವೆ. ಸೊನ್ನೆಯಿಂದ ಹೋದವರು ಅಲ್ಲಿ ಸೊನ್ನೆಯಾಗಿಯೇ ಉಳಿಯುವುದು ಜಾಸ್ತಿ. ಒಂದಿಷ್ಟು ಜನ ಈಗಾಗಲೇ ಕಾಯುತ್ತಿದ್ದರೆ ಮೊದಲ ರಾತ್ರಿಯೇ ಅವರು ಬಂದು ಆಡುತ್ತಾರೆ, ಪಟ್ಟಿಯಲ್ಲಿ ಮೇಲೇರಲು ಅದೇ ಬೇಕಾಗಿರುವುದು.

ನಿಮ್ಮ ಗೇಮ್‌ಗೆ ಹೊಂದುವ ಥೀಮ್

ಇಲ್ಲಿ ಜಾಸ್ತಿ ಜನ ತಪ್ಪುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಂಗಾವತಿಯ ಗೆಳೆಯರಿಬ್ಬರು ರೈಸ್ ಮಿಲ್ ನಡೆಸುವ ಗೇಮ್ ಮಾಡುತ್ತಿದ್ದಾರೆ. ಭತ್ತದ ಲಾರಿ ಬಂದು ನಿಲ್ಲುತ್ತದೆ, ಹಮಾಲರು ಚೀಲ ಇಳಿಸುತ್ತಾರೆ, ತೇವ ಎಷ್ಟಿದೆ ನೋಡಿ ರೇಟು ಹೇಳಬೇಕು. ಆಮೇಲೆ ಒಣಗಿಸುವುದು, ಹೊಟ್ಟು ಬಿಡಿಸುವುದು, ಪಾಲಿಶ್ ಮಾಡುವುದು. ನುಚ್ಚು ಒಂದು ಕಡೆ, ತೌಡು ಒಂದು ಕಡೆ, ಸೋನಾ ಮಸೂರಿ ಚೀಲ ಹೊಲಿಸಿಕೊಂಡು ಇನ್ನೊಂದು ಕಡೆ. ಹೊಟ್ಟನ್ನೇ ಬಾಯ್ಲರ್‌ಗೆ ತಳ್ಳಿದರೆ ಉರುವಲಿನ ಖರ್ಚು ಉಳಿಯುತ್ತದೆ. ಒಂದು ಮಷಿನ್ ಕೆಟ್ಟರೆ ಹಿಂದಿನದೆಲ್ಲ ತುಂಬಿ ಉಕ್ಕುತ್ತದೆ. ಆಡಿದರೆ ಬಿಡಲು ಮನಸ್ಸಾಗುವುದಿಲ್ಲ.

ಭತ್ತ ಇದೆ, ಹಾಗಾಗಿ ಫಾರ್ಮಿಂಗ್ ಫೆಸ್ಟ್‌ಗೆ ಹಾಕೋಣ ಅಂತ ಅವರ ಯೋಚನೆ. ಆದರೆ ಈ ಗೇಮ್‌ನಲ್ಲಿ ಆಡುವವರು ಎಲ್ಲಿಯೂ ಬಿತ್ತುವುದಿಲ್ಲ, ನಾಟಿ ಮಾಡುವುದಿಲ್ಲ, ನೀರು ಹಾಯಿಸುವುದಿಲ್ಲ. ಫಾರ್ಮಿಂಗ್ ಫೆಸ್ಟ್‌ಗೆ ಬಂದವರಿಗೆ ಹೊಲ ಬೇಕು, ಬೆಳೆ ಬೇಕು, ಒಂದೆರಡು ಹಸು ಬೇಕು. ಅವರು ಈ ಪುಟಕ್ಕೆ ಬಂದು, ಬೆಲ್ಟು ಮೋಟರು ನೋಡಿ, ವಾಪಸ್ ಹೋಗುತ್ತಾರೆ. ಅದೇ ಗೇಮ್ ಆಟೊಮೇಶನ್ ಥೀಮ್‌ಗೋ ಎಕಾನಮಿ ಥೀಮ್‌ಗೋ ಹೋದರೆ, ಕಬ್ಬಿಣ ಕರಗಿಸಿ ಗೇರ್ ಮಾಡುವ ನೂರೆಂಟು ಫ್ಯಾಕ್ಟರಿ ಗೇಮ್ ಆಡಿ ಬೇಸತ್ತವರಿಗೆ ಅಕ್ಕಿ ಗಿರಣಿ ಹೊಸದಾಗಿ ಕಾಣುತ್ತದೆ. ಫಾರ್ಮಿಂಗ್‌ನಲ್ಲಿ ಅಡ್ಡಿಯಾಗಿದ್ದ ಭತ್ತವೇ ಇಲ್ಲಿ ಬಂಡವಾಳ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ: ಮೊದಲ ಹತ್ತು ನಿಮಿಷ ಆಡುವವರ ಕೈ ಏನು ಮಾಡುತ್ತದೆ? ಜೋಡಿಸುತ್ತದಾ, ಗುಂಡು ಹಾರಿಸುತ್ತದಾ, ಎಲೆ ಎಸೆಯುತ್ತದಾ, ಸುಮ್ನೆ ನಡೆದು ಕಥೆ ಓದುತ್ತದಾ? ಹೆಚ್ಚಿನ ಥೀಮ್‌ಗಳು ಹೋಗುವುದು ಅದರ ಮೇಲೆ. ಇನ್ನು ಕೆಲವು ಥೀಮ್‌ಗಳು ಪೂರ್ತಿ ವಿಷಯದ ಮೇಲೆಯೇ ನಿಂತಿರುತ್ತವೆ. 2024ರಲ್ಲಿ ಕಡಲ್ಗಳ್ಳರು ಮತ್ತು ನಿಂಜಾಗಳಿಗೆ ಒಂದು ಫೆಸ್ಟ್ ಇತ್ತು, ಡೈನೋಸಾರ್ ಮತ್ತು ರೋಬೋಗಳಿಗೆ ಇನ್ನೊಂದು. ಅಲ್ಲಿ ಗೇಮ್ ಯಾವ ಬಗೆಯದಾದರೂ ನಡೆಯುತ್ತದೆ, ಡೈನೋಸಾರ್ ಇರಬೇಕು ಅಷ್ಟೆ. ರಾಯಚೂರು ಕೋಟೆಯಲ್ಲಿ ರಾತ್ರಿ ಸಿಕ್ಕಿಬಿದ್ದವನ ಗೇಮ್ ಮಾಡಿದ್ದೀರಾ? ಅದು ಪಜಲ್ ಆಗಿರಲಿ, ಓಡುವ ಗೇಮ್ ಆಗಿರಲಿ, ಭಯ ಹುಟ್ಟಿಸುವುದಾದರೆ ಸ್ಕ್ರೀಮ್ ಫೆಸ್ಟ್ ನಿಮ್ಮದೇ.

ಈ ಕಡೆಯವರಿಗೆ ಇನ್ನೊಂದು ಮಾತು. ನಾವೆಲ್ಲ ಹಂಪಿ, ಆನೆಗೊಂದಿ ನೋಡುತ್ತ ಬೆಳೆದವರು, ಹಾಗಾಗಿ ಕಲ್ಲಿನ ರಥ ತೋರಿಸಿದರೆ ಜಗತ್ತೇ ಗುರುತು ಹಿಡಿಯುತ್ತದೆ ಅಂದುಕೊಳ್ಳುತ್ತೇವೆ. ಹಿಡಿಯುವುದಿಲ್ಲ. ಬ್ರೆಜಿಲ್‌ನಲ್ಲಿ ಕೂತವನಿಗೆ ಅದು ಇನ್ನೊಂದು ಹಳೇ ಗುಡಿ. ಆದರೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಬೆಟ್ಟ, ನಡುವೆ ಹಸಿರು ಗದ್ದೆ, ಹೊಳೆಯಲ್ಲಿ ಗಿರಗಿರ ತಿರುಗುವ ಹರಗೋಲು, ಇವನ್ನು ಅವನು ಬೇರೆ ಯಾವ ಗೇಮ್‌ನಲ್ಲೂ ನೋಡಿರುವುದಿಲ್ಲ. ಹೆಸರಿನ ಮೇಲೆ ಭಾರ ಹಾಕುವ ಬದಲು ನೋಟದ ಮೇಲೆ ಹಾಕಿ.

ಸ್ಟೀಮ್‌ಗೆ ನಿಮ್ಮ ಗೇಮ್ ಏನು ಅಂತ ಗೊತ್ತಾಗುವುದು ಮುಖ್ಯವಾಗಿ ಟ್ಯಾಗ್‌ಗಳಿಂದ, ಅಂದರೆ ಗೇಮ್‌ನ ಬಗೆ ಹೇಳುವ ಚಿಕ್ಕ ಗುರುತು ಪದಗಳಿಂದ. 20 ಟ್ಯಾಗ್ ಹಾಕಬಹುದು, ಕ್ರಮವೂ ಮುಖ್ಯ. ಇಂಡೀ (ಸಣ್ಣ ತಂಡ ಸ್ವಂತವಾಗಿ ಮಾಡಿದ್ದು), ಕ್ಯಾಶುವಲ್, ಅಡ್ವೆಂಚರ್ ಅನ್ನುವಂಥ ಯಾರಿಗೂ ಏನೂ ಹೇಳದ ಟ್ಯಾಗ್‌ಗಳನ್ನು ಮೊದಲು ಇಡಬೇಡಿ. ನಿಮ್ಮದರಂಥ ಹತ್ತು ಗೇಮ್‌ಗಳ ಪುಟ ತೆರೆದು, ಅವರ ಮೊದಲ ಐದು ಟ್ಯಾಗ್ ಏನು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮತ್ತೆ ಮತ್ತೆ ಬರುವವು ನಿಮಗೂ ಬೇಕು. ಸ್ಟೀಮ್‌ವರ್ಕ್ಸ್‌ನಲ್ಲಿ (ಗೇಮ್ ಮಾಡುವವರಿಗೆ ಸ್ಟೀಮ್ ಕೊಡುವ ತಾಣ) ಟ್ಯಾಗ್ ಆರಿಸಲು ನೆರವಾಗುವ ಟ್ಯಾಗ್ ವಿಝಾರ್ಡ್ ಇದೆ, ಅದನ್ನೂ ಒಮ್ಮೆ ಓಡಿಸಿ.

ಮುಂದಿನ ತಿಂಗಳುಗಳ ಫೆಸ್ಟ್ ಪಟ್ಟಿ ಸ್ಟೀಮ್‌ವರ್ಕ್ಸ್ ದಾಖಲೆಯಲ್ಲಿ ಮೊದಲೇ ಬರುತ್ತದೆ, ಪ್ರತಿ ಥೀಮ್‌ಗೆ ಏನು ಸೇರುತ್ತದೆ ಏನು ಸೇರುವುದಿಲ್ಲ ಅಂತಲೂ ಬರೆದಿರುತ್ತಾರೆ. ಅದನ್ನು ಪೂರ್ತಿ ಓದಿ, ಶೀರ್ಷಿಕೆ ಮಾತ್ರ ಓದಿ ಬಿಡಬೇಡಿ. ನಿಮ್ಮ ಗೇಮ್ ಹೊಂದುತ್ತದೆ ಅಂತ ಅವರಿಗೆ ಅನಿಸಿದ್ದರೆ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲೇ ಸೇರುವ ಆಯ್ಕೆ ಕಾಣುತ್ತದೆ. ಕಾಣದಿದ್ದರೆ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಭಾವನೆ ಬೇಡ, ಎರಡು ಸಾಲು ಸಾಕು: ಆಡುವವರು ಇದರಲ್ಲಿ ಇಂಥದ್ದನ್ನು ಮಾಡುತ್ತಾರೆ, ನಿಮ್ಮ ಥೀಮ್‌ನ ಈ ಮಾತಿಗೆ ಇದು ಹೊಂದುತ್ತದೆ. ಕೊನೆ ದಿನಾಂಕ ಫೆಸ್ಟ್‌ಗಿಂತ ಬಹಳ ಮೊದಲೇ ಇರುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಹಿಂದಿನಿಂದ ಲೆಕ್ಕ ಹಾಕಿ

ಒಂದು ಗೇಮ್‌ಗೆ ಸ್ಟೀಮ್‌ನ ಶುಲ್ಕ 100 ಡಾಲರ್. ಗೇಮ್ 1000 ಡಾಲರ್ ವ್ಯಾಪಾರ ಮಾಡಿದ ಮೇಲೆ ಅದು ವಾಪಸ್ ಬರುತ್ತದೆ. ದುಡ್ಡು ಕಟ್ಟಿ 30 ದಿನ ಆಗುವವರೆಗೆ ಗೇಮ್ ಬಿಡುಗಡೆ ಮಾಡುವಂತಿಲ್ಲ, ಪುಟ ಕನಿಷ್ಠ ಎರಡು ವಾರ ಕಮಿಂಗ್ ಸೂನ್ ಅಂತ ನಿಂತಿರಬೇಕು. ಪುಟವನ್ನು ಅವರು ಪರಿಶೀಲಿಸಲು ಮೂರರಿಂದ ಐದು ಕೆಲಸದ ದಿನ ಹಿಡಿಯುತ್ತದೆ, ಡೆಮೊಗೆ ಮತ್ತೆ ಪ್ರತ್ಯೇಕ ಪರಿಶೀಲನೆ. ಏನಾದರೂ ಕೊರತೆ ಇದ್ದು ವಾಪಸ್ ಕಳಿಸಿದರೆ ಇನ್ನೊಂದು ಸುತ್ತು. ಅಮೆರಿಕದಲ್ಲಿ ರಜೆ ಇದ್ದರೆ ಇನ್ನೂ ತಡ.

ಇವು ನಿಯಮದ ಲೆಕ್ಕಗಳು. ನಿಜವಾದ ಲೆಕ್ಕ ಬೇರೆ: ಪುಟ ಎಷ್ಟು ಬೇಗ ಎದ್ದು ನಿಲ್ಲುತ್ತದೋ ಅಷ್ಟು ದಿನ ಅದು ನಿಮ್ಮ ಪರವಾಗಿ ವಿಶ್‌ಲಿಸ್ಟ್ ಕೂಡಿಸುತ್ತಿರುತ್ತದೆ. ಗೇಮ್ ಅರ್ಧ ಆಗಿದ್ದರೂ ಐದು ಒಳ್ಳೆಯ ಸ್ಕ್ರೀನ್‌ಶಾಟ್ ಮತ್ತು ಒಂದು ನಿಮಿಷದ ಟ್ರೇಲರ್ ಬಂದ ದಿನವೇ ಪುಟ ತೆರೆಯಿರಿ. ಅಕ್ಟೋಬರ್ ಫೆಸ್ಟ್ ಗುರಿಯಾದರೆ ಮೇ ಜೂನ್‌ಗೆ ಪುಟ ನಿಂತಿರಲಿ, ಆಗಸ್ಟ್‌ಗೆ ಡೆಮೊ ಗೆಳೆಯರ ಕೈಗೆ ಬಂದಿರಲಿ, ಸೆಪ್ಟೆಂಬರ್ ಬರೀ ಸರಿಪಡಿಸುವುದಕ್ಕೆ ಇರಲಿ. ಹೊಲ ಮನೆ ಇರುವವರು ಕಟಾವಿನ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ, ನವೆಂಬರ್‌ನಲ್ಲಿ ನಿಮ್ಮನ್ನು ಯಾರೂ ಕಂಪ್ಯೂಟರ್ ಮುಂದೆ ಕೂರಲು ಬಿಡುವುದಿಲ್ಲ.

ಆ ಪುಟ್ಟ ಚಿತ್ರ

ಫೆಸ್ಟ್ ಪುಟದಲ್ಲಿ ನಿಮ್ಮ ಗೇಮ್ ಅಂದರೆ ಒಂದು ಪುಟ್ಟ ಚಿತ್ರ. ಅದಕ್ಕೆ ಕ್ಯಾಪ್ಸೂಲ್ ಅನ್ನುತ್ತಾರೆ. ಟ್ರೇಲರ್, ಸಂಗೀತ, ಕಥೆ ಎಲ್ಲ ಅದರ ಮೇಲೆ ಕ್ಲಿಕ್ ಮಾಡಿದವರಿಗೆ ಮಾತ್ರ.

ಆ ರೈಸ್ ಮಿಲ್ ಗೇಮ್‌ನ ಮೊದಲ ಕ್ಯಾಪ್ಸೂಲ್ ಹೀಗಿತ್ತು: ಮಿಲ್‌ನ ಪೂರ್ತಿ ಕಟ್ಟಡ, ಹಿಂದೆ ಚಿಮಣಿ, ಮುಂದೆ ಲಾರಿ, ಚೀಲದ ಅಟ್ಟಿ, ಐದಾರು ಹಮಾಲರು, ದೂರದಲ್ಲಿ ಗುಡ್ಡ. ದೊಡ್ಡ ಪರದೆಯಲ್ಲಿ ಚಂದ. ಹೆಬ್ಬೆರಳಿನಷ್ಟಕ್ಕೆ ಇಳಿಸಿದಾಗ ಗೋಣಿ ಬಣ್ಣದ ಒಂದು ಕಲೆ, ಅದರ ಮೇಲೆ ಓದಲಾಗದ ಅಕ್ಷರ. ಈಗಿನದರಲ್ಲಿ ಚಿತ್ರದ ಅರ್ಧಕ್ಕೆ ಗೇಮ್‌ನ ಹೆಸರು ದಪ್ಪ ಬಿಳಿ ಅಕ್ಷರದಲ್ಲಿದೆ, ಇನ್ನರ್ಧದಲ್ಲಿ ಕಬ್ಬಿಣದ ಕೊಳವೆಯಿಂದ ಬಂಗಾರದ ಬಣ್ಣದ ಭತ್ತ ಸುರಿಯುತ್ತಿದೆ, ಅದರ ಕೆಳಗೆ ತಲೆಗೆ ಟವೆಲ್ ಸುತ್ತಿದ ಒಬ್ಬ ಹಮಾಲ ಗಾಬರಿಯಿಂದ ಖಾಲಿ ಚೀಲ ಹಿಡಿದು ನಿಂತಿದ್ದಾನೆ. ಹಿನ್ನೆಲೆ ಗಾಢ ನೀಲಿ. ಎಷ್ಟು ಚಿಕ್ಕದು ಮಾಡಿದರೂ ಹೊಳೆಯುವ ಧಾರೆ ಮತ್ತು ಆ ಮುಖ ಕಾಣುತ್ತದೆ. ಏನೋ ಉಕ್ಕುತ್ತಿದೆ, ಇವನಿಗೆ ಸಾವರಿಸಲು ಆಗುತ್ತಿಲ್ಲ, ಇಷ್ಟು ಗೊತ್ತಾದರೆ ಗೇಮ್ ಗೊತ್ತಾದಂತೆಯೇ.

ಪರೀಕ್ಷೆ ಸುಲಭ. ನೀವು ಗುರಿಯಿಟ್ಟ ಥೀಮ್‌ನ ಗೇಮ್‌ಗಳ ಒಂದು ಪಟ್ಟಿ ಸ್ಟೀಮ್‌ನಲ್ಲಿ ತೆಗೆದು ಸ್ಕ್ರೀನ್‌ಶಾಟ್ ತೆಗೆಯಿರಿ, ನಡುವೆ ಒಂದರ ಜಾಗದಲ್ಲಿ ನಿಮ್ಮದನ್ನು ಅಂಟಿಸಿ, ಗೇಮ್ ಆಡದ ಯಾರಿಗಾದರೂ ಫೋನಿನಲ್ಲಿ ಎರಡು ಸೆಕೆಂಡ್ ತೋರಿಸಿ ವಾಪಸ್ ತಗೊಳ್ಳಿ. ಏನೇನು ನೆನಪಿದೆ ಅಂತ ಕೇಳಿ. ನಿಮ್ಮದು ನೆನಪಿಲ್ಲದಿದ್ದರೆ ಮತ್ತೆ ಮಾಡಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದು ಎಲ್ಲಿ ಹಾಕಬೇಕು ಅಂತ ಗೊತ್ತಾಗದಿದ್ದರೆ ಒಬ್ಬ ಒಳ್ಳೆ ಚಿತ್ರಕಾರರಿಗೆ ಕೊಟ್ಟು ಕ್ಯಾಪ್ಸೂಲ್ ಮಾಡಿಸಿ. ಎಐನಿಂದ ಮಾಡಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಎಐ ಬಳಸಿದ್ದರೆ ಅದನ್ನು ಸ್ಟೀಮ್‌ಗೆ ತಿಳಿಸಬೇಕು, ಅದು ನಿಮ್ಮ ಪುಟದ ಮೇಲೆ ಕಾಣುತ್ತದೆ, ಇಂಡೀ ಗೇಮ್ ಆಡುವವರಲ್ಲಿ ಅದನ್ನು ನೋಡಿ ಮುಖ ಸಿಂಡರಿಸುವವರು ಬಹಳ. ಯೋಚಿಸಿ.

ಕ್ಯಾಪ್ಸೂಲ್ ಮೇಲೆ ಪ್ರಶಸ್ತಿ, ವಿಮರ್ಶೆಯ ಮಾತು, ರಿಯಾಯಿತಿ ಇವನ್ನು ಬರೆಯುವಂತಿಲ್ಲ, 2022ರ ಸೆಪ್ಟೆಂಬರ್‌ನಿಂದ ಅದು ನಿಯಮ. ಚಿತ್ರ ಮತ್ತು ಗೇಮ್‌ನ ಹೆಸರು, ಅಷ್ಟೆ.

ಹೆಸರು ಕನ್ನಡದ್ದಿರಬಹುದಾ? ಖಂಡಿತ ಇರಬಹುದು, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಓದಲು ಹುಡುಕಲು ಸುಲಭ ಆಗಬೇಕು ಅಷ್ಟೆ. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಯ ಗೇಮ್ 'ವೆನ್ಬಾ' 2023ರಲ್ಲಿ ಬಂತು, ಹೆಸರು ಅಪ್ಪಟ ತಮಿಳು, ಜಗತ್ತೆಲ್ಲ ಆಡಿತು. ಪುಟದ ಕಿರು ವಿವರಣೆಗೆ ಸುಮಾರು 300 ಅಕ್ಷರ ಜಾಗ ಸಿಗುತ್ತದೆ. ಅದರಲ್ಲಿ ಆಡುವವರು ಏನು ಮಾಡುತ್ತಾರೆ ಅಂತ ಬರೆಯಿರಿ. ನೀವು ಯಾಕೆ ಈ ಗೇಮ್ ಮಾಡಿದಿರಿ ಅನ್ನುವ ಕಥೆಗೆ ಅಲ್ಲಿ ಜಾಗ ಇಲ್ಲ. ಟ್ರೇಲರ್‌ನ ಮೊದಲ ಸೆಕೆಂಡ್‌ನಿಂದಲೇ ಆಟ ಕಾಣಲಿ, ನಿಮ್ಮ ಸ್ಟುಡಿಯೋ ಲೋಗೋ ಕೊನೆಗೆ ಇರಲಿ.

ಡೆಮೊ

ಡೆಮೊ ಚಿಕ್ಕದಿರಲಿ, ಆದರೆ ಮುಗಿದ ಕೆಲಸದ ಹಾಗೆ ಇರಲಿ. ಇಪ್ಪತ್ತು ಮೂವತ್ತು ನಿಮಿಷ ಸಾಕು. ಮೊದಲ ಎರಡು ನಿಮಿಷದೊಳಗೆ ಆಟ ಕೈಗೆ ಬರಬೇಕು. ಉದ್ದದ ಪೀಠಿಕೆ, ದಾಟಿಸಲು ಬಾರದ ಸಂಭಾಷಣೆ ಇದ್ದರೆ ಫೆಸ್ಟ್‌ನಲ್ಲಿ ಯಾರೂ ಕಾಯುವುದಿಲ್ಲ, ಅವರ ಪಟ್ಟಿಯಲ್ಲಿ ಇನ್ನೂ ಹತ್ತು ಡೆಮೊ ಇರುತ್ತವೆ. ಮುಗಿಯುವಾಗ ಏನೋ ಹೊಸದು ತೆರೆದುಕೊಳ್ಳುವ ಹೊತ್ತಿಗೆ ನಿಲ್ಲಿಸಿ, ಅಲ್ಲೇ ವಿಶ್‌ಲಿಸ್ಟ್ ಬಟನ್ ಇಡಿ. ಮುಖ್ಯ ಮೆನುವಿನಲ್ಲೂ ಒಂದು ಇರಲಿ, ಯಾಕಂದ್ರೆ ಜಾಸ್ತಿ ಜನ ಕೊನೆಯವರೆಗೆ ಆಡದೆ ಮಧ್ಯದಲ್ಲೇ ಎದ್ದು ಹೋಗುತ್ತಾರೆ.

ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿ. ಇದರಲ್ಲಿ ನಮಗೆ ಅನುಕೂಲವೇ ಇದೆ, ಪ್ರತಿ ಮನೆಯಲ್ಲೂ ಒಂದು ಹಳೇದು ಇರುತ್ತದೆ. ಬಳ್ಳಾರಿಯ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಹತ್ತು ಹುಡುಗರ ಮುಂದೆ ಇಟ್ಟು, ಬಾಯಿ ಮುಚ್ಚಿಕೊಂಡು ಹಿಂದೆ ನಿಂತು ನೋಡಿ. ನೀವು ವಿವರಿಸಲು ಬಾಯಿ ತೆರೆದ ಪ್ರತಿ ಜಾಗವೂ ಗೇಮ್‌ನಲ್ಲಿ ಸರಿಪಡಿಸಬೇಕಾದ ಜಾಗ.

2024ರ ಜುಲೈನಿಂದ ಡೆಮೊಗೆ ತನ್ನದೇ ಪುಟ ಇರಿಸಬಹುದು, ಅದಕ್ಕೆ ಪ್ರತ್ಯೇಕ ವಿಮರ್ಶೆಗಳೂ ಬರುತ್ತವೆ. ಡೆಮೊ ಬಂದಾಗ ವಿಶ್‌ಲಿಸ್ಟ್ ಮಾಡಿದವರಿಗೆ ಸುದ್ದಿ ಹೋಗುವ ವ್ಯವಸ್ಥೆಯೂ ಇದೆ. ಅದನ್ನು ಅರೆಬರೆ ಡೆಮೊಗೆ ಖರ್ಚು ಮಾಡಬೇಡಿ. ಭಾಷೆ ಸೇರಿಸಲು ಆಗುವುದಾದರೆ ಇಂಗ್ಲಿಷ್ ಆದ ಮೇಲೆ ಸರಳ ಚೀನಿ ನೋಡಿ, ಸ್ಟೀಮ್‌ನಲ್ಲಿ ಆ ಭಾಷೆಯವರು ಬಹಳ ಇದ್ದಾರೆ. ಪುಟದ ಮಾತುಗಳನ್ನಷ್ಟೇ ಅನುವಾದ ಮಾಡಿಸಿದರೂ ಉಪಯೋಗ ಇದೆ.

ರಾತ್ರಿ ಹತ್ತೂವರೆಗೆ ಶುರು

ಸ್ಟೀಮ್‌ನ ಫೆಸ್ಟ್‌ಗಳು ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ 10 ಗಂಟೆಗೆ ಶುರುವಾಗುತ್ತವೆ. ನಮಗೆ ಅದು ರಾತ್ರಿ 10:30. ನವೆಂಬರ್ ಮೊದಲ ವಾರದಿಂದ ಮಾರ್ಚ್ ವರೆಗೆ ಅವರ ಗಡಿಯಾರ ಹಿಂದೆ ಸರಿಯುವುದರಿಂದ 11:30. ಅಂದರೆ ಮೊದಲ ಜನ ನುಗ್ಗುವುದು ನೀವು ಮಲಗುವ ಹೊತ್ತಿಗೆ. ಅವತ್ತು ಮಧ್ಯಾಹ್ನ ನಿದ್ದೆ ಮಾಡಿಬಿಡಿ. ಇನ್ವರ್ಟರ್ ನೋಡಿಕೊಳ್ಳಿ, ಫೋನಿನ ಹಾಟ್‌ಸ್ಪಾಟ್‌ಗೆ ಡೇಟಾ ಹಾಕಿಸಿಕೊಳ್ಳಿ. ಶಕ್ತಿನಗರದಲ್ಲಿ ನಾಡಿಗೇ ಕರೆಂಟ್ ತಯಾರಾಗುತ್ತದೆ, ಆದರೂ ರಾಯಚೂರಿನಲ್ಲಿ ಮೇ ತಿಂಗಳ ರಾತ್ರಿ ಫ್ಯಾನ್ ನಿಲ್ಲುವುದು ತಪ್ಪಿಲ್ಲ.

ಶುರುವಾಗುವುದಕ್ಕೆ ಮುಂಚಿನ 24 ಗಂಟೆ ಹೊಸ ಬಿಲ್ಡ್ (ಗೇಮ್‌ನ ಬದಲಾಯಿಸಿದ ಆವೃತ್ತಿ) ಹಾಕಬೇಡಿ. ಶುರುವಾದ ಮೇಲೆ ಬಂದ ದೂರುಗಳಲ್ಲಿ ಗೇಮ್ ತೆರೆಯುವುದೇ ಇಲ್ಲ, ಮಧ್ಯದಲ್ಲಿ ನಿಲ್ಲುತ್ತದೆ ಅನ್ನುವವನ್ನು ಮಾತ್ರ ಅವತ್ತೇ ಸರಿಮಾಡಿ. ಉಳಿದದ್ದು ಬರೆದಿಟ್ಟುಕೊಳ್ಳಿ. ಚರ್ಚೆಯ ಪುಟದಲ್ಲಿ ಕೇಳಿದವರಿಗೆಲ್ಲ ಅವತ್ತವತ್ತೇ ಉತ್ತರ ಕೊಡಿ, ಬೈದವರಿಗೂ. ಲೈವ್ ಪ್ರಸಾರ ಮಾಡಿದರೆ ನಿಮ್ಮ ಪುಟದ ಮೇಲೆಯೇ ಕಾಣುತ್ತದೆ. ಅಪ್‌ಲೋಡ್ ವೇಗ ಎಷ್ಟಿದೆ ಮೊದಲೇ ಪರೀಕ್ಷಿಸಿ, ತುಂಡು ತುಂಡಾಗಿ ಬರುವ ಪ್ರಸಾರಕ್ಕಿಂತ ಪ್ರಸಾರ ಇಲ್ಲದಿರುವುದೇ ವಾಸಿ.

ಫೆಸ್ಟ್ ವಾರ ಮೇಲ್‌ಗಳು ಬರುತ್ತವೆ. ನಾನು ದೊಡ್ಡ ಯೂಟ್ಯೂಬರ್, ನಾನು ಕ್ಯುರೇಟರ್ (ಸ್ಟೀಮ್‌ನಲ್ಲಿ ಗೇಮ್ ಶಿಫಾರಸು ಮಾಡುವವನು), ಐದು ಕೀ (ಗೇಮ್ ಪುಕ್ಕಟೆ ಪಡೆಯುವ ಕೋಡ್) ಕಳಿಸಿ ಅಂತ. ಹೆಚ್ಚಿನವರು ಕೀ ಮಾರಿಕೊಳ್ಳುವವರು. ಕ್ಯುರೇಟರ್‌ಗಳಿಗೆ ಕೊಡಬೇಕಾದರೆ ಸ್ಟೀಮ್‌ನಲ್ಲೇ ಕ್ಯುರೇಟರ್ ಕನೆಕ್ಟ್ ಇದೆ, ಅದರಿಂದ ಕೊಡಿ. ಯೂಟ್ಯೂಬರ್ ಅಂದವರ ಚಾನೆಲ್‌ಗೆ ನೀವೇ ಹೋಗಿ, ಅಲ್ಲಿರುವ ಮೇಲ್ ವಿಳಾಸ ಮತ್ತು ನಿಮಗೆ ಬಂದ ವಿಳಾಸ ಒಂದೇನಾ ನೋಡಿ. ಒಂದಕ್ಷರ ಆಚೀಚೆ ಇದ್ದರೆ ಸುಮ್ನೆ ಡಿಲೀಟ್ ಮಾಡಿ. ಡೆಮೊ ಹೇಗೂ ಪುಕ್ಕಟೆ, ನಿಜವಾಗಿ ವಿಡಿಯೋ ಮಾಡುವವರು ಅದರಿಂದಲೇ ಮಾಡುತ್ತಾರೆ.

ಗೇಮ್ ಈಗಾಗಲೇ ಬಿಡುಗಡೆಯಾಗಿದ್ದರೆ

ಆಗ ಆಟ ರಿಯಾಯಿತಿಯದು. ಒಂದು ರಿಯಾಯಿತಿ ಮುಗಿದ ಮೇಲೆ 30 ದಿನ ಇನ್ನೊಂದು ಕೊಡುವಂತಿಲ್ಲ, ನಾಲ್ಕು ಸೀಸನ್ ಸೇಲ್‌ಗಳಿಗೆ ಮಾತ್ರ ಇದರಿಂದ ವಿನಾಯಿತಿ. ವ್ಯಾಪಾರ ಡಲ್ ಇದೆ ಅಂತ ಫೆಸ್ಟ್‌ಗೆ ಮೂರು ವಾರ ಮೊದಲು ಸುಮ್ನೆ ಒಂದು ರಿಯಾಯಿತಿ ಬಿಟ್ಟರೆ ಫೆಸ್ಟ್ ವಾರ ಪೂರ್ತಿ ಬೆಲೆಯಲ್ಲಿ ನಿಲ್ಲಬೇಕಾಗುತ್ತದೆ. ಹೊಸ ಗೇಮ್‌ಗೂ ಬಿಡುಗಡೆಯ ರಿಯಾಯಿತಿ ಮುಗಿದ ಮೇಲೆ ಇಂಥದ್ದೇ ತಡೆ ಇದೆ. ಹಾಗಾಗಿ ವರ್ಷದ ಫೆಸ್ಟ್‌ಗಳನ್ನು ಮೊದಲು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಉಳಿದ ರಿಯಾಯಿತಿ ಆಮೇಲೆ.

ರಿಯಾಯಿತಿ ಶೇ. 20 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಿಶ್‌ಲಿಸ್ಟ್ ಮಾಡಿದವರಿಗೆ ಸ್ಟೀಮ್ ಮೇಲ್ ಕಳಿಸುತ್ತದೆ. ಶೇ. 15 ಕೊಡುವುದರಲ್ಲಿ ಅರ್ಥ ಇಲ್ಲ, ದುಡ್ಡೂ ಹೋಯಿತು, ಮೇಲ್ ಕೂಡ ಹೋಗಲಿಲ್ಲ. ಮೊದಲ ಸಲವೇ ಶೇ. 50ಕ್ಕೂ ಇಳಿಯಬೇಡಿ, ಆಮೇಲೆ ಜನ ಅದಕ್ಕಿಂತ ಕಡಿಮೆಗೇ ಕಾಯುತ್ತಾರೆ. ಇನ್ನೊಂದು, ಹತ್ತು ವಿಮರ್ಶೆ ಆಗುವವರೆಗೆ ಪುಟದಲ್ಲಿ ಒಟ್ಟು ಅಭಿಪ್ರಾಯ ಕಾಣುವುದಿಲ್ಲ. ಆ ಹತ್ತು ಆಗದೆ ಫೆಸ್ಟ್‌ಗೆ ಹೋಗಬೇಡಿ. ಕೊಂಡು ಆಡಿದ ಗೆಳೆಯರಿಗೆ ಮುಚ್ಚುಮರೆ ಇಲ್ಲದೆ ಬರೆಯಲು ಹೇಳಿ. ದುಡ್ಡು ಕೊಟ್ಟು ಬರೆಸಿದರೆ ಸಿಕ್ಕಿಬೀಳುತ್ತೀರಿ.

ಹೊರಗಿನವರ ಫೆಸ್ಟ್‌ಗಳು

ಕಥೆ ಪ್ರಧಾನವಾದ ಗೇಮ್‌ಗಳಿಗೆ ಫೆಲೋ ಟ್ರಾವೆಲರ್ ಅನ್ನುವ ಪಬ್ಲಿಷರ್ ನಡೆಸುವ ಲೂಡೋನಾರಾಕಾನ್ ಇದೆ. ಮುದ್ದಾದ ಮೆತ್ತಗಿನ ಗೇಮ್‌ಗಳಿಗೆ ಹೋಲ್‌ಸಮ್ ಡೈರೆಕ್ಟ್ ಇದೆ. ಇಲ್ಲಿ ಬಟನ್ ಒತ್ತಿದರೆ ಆಗುವುದಿಲ್ಲ, ಅರ್ಜಿ ಹಾಕಬೇಕು, ಅವರು ಆರಿಸುತ್ತಾರೆ. ಆಯ್ಕೆಯಾದ ಗೇಮ್‌ಗಳು ಕಡಿಮೆ ಇರುವುದರಿಂದ ಒಬ್ಬೊಬ್ಬರಿಗೂ ಸಿಗುವ ಬೆಳಕು ಜಾಸ್ತಿ. ಅರ್ಜಿಗೆ ಒಂದೇ ಫೋಲ್ಡರ್ ರೆಡಿ ಇಟ್ಟುಕೊಳ್ಳಿ: ಟ್ರೇಲರ್ ಲಿಂಕ್, ಸ್ಟೀಮ್ ಲಿಂಕ್, ದೊಡ್ಡ ಚಿತ್ರಗಳು, ಒಂದೇ ವಾಕ್ಯದ ಪರಿಚಯ, ನಿಮ್ಮ ಬಗ್ಗೆ ಮೂರು ಸಾಲು. ಊರಿನ ಹೆಸರು ಬರೆಯಿರಿ. ಕೊಪ್ಪಳದಿಂದ ಬಂದ ಅರ್ಜಿ ಅವರು ದಿನಾ ನೋಡುವುದಿಲ್ಲ, ನಿಮ್ಮ ಬಗ್ಗೆ ಒಂದು ಕುತೂಹಲವಾದರೂ ಹುಟ್ಟುತ್ತದೆ. ಸೇರಲು ದುಡ್ಡು ಕೇಳುವವರೂ ಇದ್ದಾರೆ. ಹಿಂದಿನ ವರ್ಷ ಅಲ್ಲಿದ್ದ ಒಂದಿಬ್ಬರು ಸಣ್ಣ ಡೆವಲಪರ್‌ಗಳನ್ನು ಕೇಳಿ ಆಮೇಲೆ ತೀರ್ಮಾನ ಮಾಡಿ.

ಆಮೇಲೆ ಅಂಕಿ ನೋಡಿ

ಫೆಸ್ಟ್ ಮುಗಿದು ಒಂದೆರಡು ದಿನ ಬಿಟ್ಟು ಸ್ಟೀಮ್‌ವರ್ಕ್ಸ್‌ನ ಟ್ರಾಫಿಕ್ ಪುಟ ತೆರೆಯಿರಿ. ಚಿತ್ರ ಎಷ್ಟು ಸಲ ಕಂಡಿತು, ಎಷ್ಟು ಜನ ಒಳಗೆ ಬಂದರು, ಎಷ್ಟು ಜನ ವಿಶ್‌ಲಿಸ್ಟ್ ಮಾಡಿದರು ಅಂತ ಮೂರು ಲೆಕ್ಕ. ಬಹಳ ಸಲ ಕಂಡಿದೆ, ಒಳಗೆ ಬಂದವರು ಕಡಿಮೆ ಅಂದರೆ ಕ್ಯಾಪ್ಸೂಲ್ ಸರಿಯಿಲ್ಲ, ಇಲ್ಲವೇ ಥೀಮ್ ನಿಮ್ಮದಲ್ಲ. ಒಳಗೆ ಬಂದರು, ಏನೂ ಮಾಡದೆ ಹೋದರು ಅಂದರೆ ಟ್ರೇಲರ್ ಮತ್ತು ಸ್ಕ್ರೀನ್‌ಶಾಟ್ ನೋಡಿಕೊಳ್ಳಿ. ಡೆಮೊ ಇಳಿಸಿಕೊಂಡು ಐದು ನಿಮಿಷಕ್ಕೆ ಬಿಟ್ಟರು ಅಂದರೆ ತೊಂದರೆ ಶುರುವಿನಲ್ಲೇ ಇದೆ. ವಾಟ್ಸಾಪ್, ಇನ್‌ಸ್ಟಾಗ್ರಾಂ, ರೆಡಿಟ್‌ನಲ್ಲಿ ನೀವು ಹಂಚಿದ ಲಿಂಕ್‌ಗಳಿಗೆ ಬೇರೆ ಬೇರೆ ಯುಟಿಎಂ ಗುರುತು (ಲಿಂಕ್ ಕೊನೆಗೆ ಸೇರಿಸುವ ಪದ) ಹಾಕಿದ್ದರೆ ಯಾವುದರಿಂದ ಜನ ಬಂದರು ಅಂತಲೂ ಅಲ್ಲೇ ಕಾಣುತ್ತದೆ. ಊರಿನ ಗ್ರೂಪ್‌ಗಳಿಂದ ಬಂದವರು ಶುಭಾಶಯ ಹೇಳಿ ಹೋಗಿರುತ್ತಾರೆ, ಆಟೊಮೇಶನ್ ಗೇಮ್‌ಗಳ ಗುಂಪಿನಿಂದ ಬಂದವರು ವಿಶ್‌ಲಿಸ್ಟ್ ಮಾಡಿರುತ್ತಾರೆ.

ಬಂದ ವಿಶ್‌ಲಿಸ್ಟ್‌ಗಳೆಲ್ಲ ಹಾಗೇ ಉಳಿಯುವುದಿಲ್ಲ, ಕೆಲವರು ಅಳಿಸುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಡೆಮೊ ಚೆನ್ನಾಗಿ ನಡೆದಿದ್ದರೆ ತೆಗೆಯಬೇಡಿ, ಯೂಟ್ಯೂಬರ್‌ಗಳು ಫೆಸ್ಟ್ ಮುಗಿದ ಮೇಲೂ ಹುಡುಕಿಕೊಂಡು ಬರುತ್ತಾರೆ. ನೆಕ್ಸ್ಟ್ ಫೆಸ್ಟ್ ಆಗಿದ್ದರೆ ಬಿಡುಗಡೆಯನ್ನು ಜಾಸ್ತಿ ಮುಂದೆ ತಳ್ಳಬೇಡಿ, ಒಂದೆರಡು ತಿಂಗಳೊಳಗೆ ಬಿಟ್ಟರೆ ಆಡಿದವರಿಗೆ ಇನ್ನೂ ನೆನಪಿರುತ್ತದೆ. ಥೀಮ್ ಫೆಸ್ಟ್ ಆಗಿದ್ದರೆ ಬರೆದಿಟ್ಟ ದೂರುಗಳ ಪಟ್ಟಿ ತೆಗೆದು ಮೇಲಿನ ಐದನ್ನು ಸರಿಮಾಡಿ, ಹೊಸ ಡೆಮೊ ಹಾಕಿ, ಏನು ಬದಲಾಯಿತು ಅಂತ ಒಂದು ಪ್ರಕಟಣೆ ಬರೆದು, ಮುಂದಿನ ಫೆಸ್ಟ್‌ನ ನೋಂದಣಿ ತೆರೆದಿದೆಯಾ ನೋಡಿ.